ಒಣ ನೆಲದಲ್ಲಿ ಆರಿಸಿದ ಕೋಲು

ಒದ್ದೆ ಬಟ್ಟೆಯಿಂದ ಕೋಲಿನ ಹಿಡಿಕೆಯನ್ನು ಒರೆಸಿದ್ದೇ ತಡ, ಕೋಣೆಯ ತುಂಬ ಅಳಿವೆಯ ವಾಸನೆ ಎದ್ದಿತು. ಉಪ್ಪು, ಕೆಸರು, ಉಪ್ಪುನೀರಿನಲ್ಲೇ ಬೇರುಬಿಡುವ ಕಾಂಡ್ಲಾ ಗಿಡದ ಕೊಳೆತ ಎಲೆ, ಅವೆಲ್ಲದರ ಅಡಿಯಲ್ಲಿ ಒಂದಿಷ್ಟು ಮೀನು. ಕಾರವಾರದಲ್ಲಿ ಈ ವಾಸನೆ ಇದೆಯೆಂಬುದೇ ಯಾರಿಗೂ ತಿಳಿಯುವುದಿಲ್ಲ, ಅಲ್ಲಿ ಗಾಳಿಯೆಂದರೆ ಅದೇ. ಆದರೆ ಕಲಬುರಗಿಯ ಬೇಸಿಗೆಯಲ್ಲಿ, ಶಹಾಬಜಾರದ ಹಳೆಯ ಮನೆಯೊಂದರ ಮಹಡಿಯ ಮೇಲೆ, ಕೆಳಗೆ ಅತ್ತೆಯವರು ವಿಭೂತಿ ಹಚ್ಚಿಕೊಂಡು ಪೂಜೆಗೆ ಕೂತಿರುವ ಹೊತ್ತಿನಲ್ಲಿ, ಅದು ಗಲಾಟೆ ಮಾಡುತ್ತ ಬಂದ ನೆಂಟನ ಹಾಗೆ. ನನ್ನ ಕಿವಿ ಬಿಸಿಯಾಯಿತು. ಇಷ್ಟು ವರ್ಷಗಳಾದರೂ ಆಗುತ್ತದೆ. ನಾಚಿಕೆಗೆ ನೆನಪಿನ ಶಕ್ತಿ ಬಹಳ.

ನಿಮಗೆ ಮೊದಲೇ ಹೇಳಿಬಿಡುತ್ತೇನೆ. ನಮ್ಮದು ಲಿಂಗಪೂಜೆಯಾಗದೆ ಹನಿ ನೀರು ಮುಟ್ಟದ ಮನೆ. ನೆಹರು ಗಂಜಿನಲ್ಲಿ ತೊಗರಿಬೇಳೆಯ ವ್ಯಾಪಾರ. ಕೇಕಿಗೆ ಮೊಟ್ಟೆ ಹಾಕಿದ್ದಾರೋ ಇಲ್ಲವೋ ಎಂದು ಕೇಳಿಯೇ ಹುಟ್ಟುಹಬ್ಬಕ್ಕೆ ಹೋಗುವ ಜನ. ಇಂಥ ಮನೆಯ ಸೊಸೆಯಾದ ನನಗೆ ಮೀನು ಹಿಡಿಯುವ ಹುಚ್ಚು. ತಿನ್ನುವುದಕ್ಕಲ್ಲ. ಹಿಡಿದು ಬಿಡುವುದಕ್ಕೆ. ಮೀನು ತಿನ್ನುವವರಿಗೆ ಇದನ್ನು ಹೇಳಿದರೆ ನಗುತ್ತಾರೆ, ತಿನ್ನದವರಿಗೆ ಹೇಳಿದರೆ ಮುಖ ಸಿಂಡರಿಸುತ್ತಾರೆ. ಹೀಗಾಗಿ ನಾನು ಯಾರಿಗೂ ಹೇಳುತ್ತಿರಲಿಲ್ಲ.

ಮದುವೆಗೆ ಮುಂಚೆ ಬ್ಯಾಂಕಿನ ಕೆಲಸದ ಮೇಲೆ ಕಾರವಾರದಲ್ಲಿದ್ದೆ. ನನ್ನ ಪಕ್ಕದ ಮೇಜಿನವಳು ಸುಲಭಾ. ಅವಳ ಮನೆ ಕಾಳಿ ನದಿಯ ದಂಡೆಯ ಮೇಲೆ, ಅಂಗಳದ ಕೊನೆಗೆ ದೋಣಿ ಕಟ್ಟಿರುತ್ತಿತ್ತು. ಭಾನುವಾರ ಊಟಕ್ಕೆ ಕರೆದು, ನಾನು ಮೀನು ತಿನ್ನುವುದಿಲ್ಲವೆಂದು ತಿಳಿದ ಮೇಲೆ ನನಗೇನು ಬಡಿಸುವುದೆಂದು ತೋಚದೆ, ಹೊತ್ತು ಕಳೆಯಲೆಂದು ಒಂದು ಕೋಲು ಕೈಗೆ ಕೊಟ್ಟಳು. ದಾರದ ತುದಿಯಲ್ಲಿ ಹುಳುವಿಲ್ಲ, ಸೀಗಡಿಯಿಲ್ಲ, ಪ್ಲಾಸ್ಟಿಕ್ಕಿನ ಪುಟ್ಟ ಮೀನೊಂದಿತ್ತು. ಪೇಟೆಯವರು ಅದಕ್ಕೆ ಲೂರ್ ಅನ್ನುತ್ತಾರೆ. ಸುಲಭಾ ಸುಳ್ಳುಮೀನು ಅನ್ನುತ್ತಿದ್ದಳು. ಆ ಸುಳ್ಳನ್ನು ನೀರಿನಲ್ಲಿ ನಿಜವೆನ್ನುವಂತೆ ಈಜಿಸುವುದೇ ಆಟದ ಗುಟ್ಟು. ಬ್ಯಾಂಕಿನಲ್ಲಿ ದಿನವಿಡೀ ನಿಜವನ್ನೇ ಬರೆದು ಬೇಸತ್ತಿದ್ದ ನನಗೆ ಅದು ಹಿಡಿಸಿತು.

ಮದುವೆಯಾಗಿ ಕಲಬುರಗಿಗೆ ವರ್ಗ ಮಾಡಿಸಿಕೊಂಡು ಬಂದೆ. ಎರಡು ಕೋಲುಗಳನ್ನು ಹಳೆ ಸೀರೆಯಲ್ಲಿ ಸುತ್ತಿ ಬೀರುವಿನ ಮೇಲಿಟ್ಟೆ. ಏನೆಂದು ಯಾರಾದರೂ ಕೇಳಿದರೆ ಪರದೆ ಹಾಕುವ ಕೋಲು. ನಮ್ಮವರಿಗೆ ಮಾತ್ರ ನಿಜ ಗೊತ್ತಿತ್ತು. ಅವರು ಅಂದದ್ದು ಇಷ್ಟೇ: "ಅವ್ವಗ, ಅಪ್ಪಗ ಗೊತ್ತಾಗ್ಲಾರದಂಗ ಇಟ್ಕೊ. ನನಗೂ ಭಾಳ ಹೇಳಬ್ಯಾಡ." ವರ್ಷಕ್ಕೊಮ್ಮೆ ಗೆಳತಿಯನ್ನು ನೋಡಿ ಬರುತ್ತೇನೆಂದು ಕಾರವಾರಕ್ಕೆ ಹೋಗುತ್ತಿದ್ದೆ. ಪರದೆ ಕೋಲುಗಳೂ ಜೊತೆಗೆ ಬರುತ್ತಿದ್ದವು. ಗೆಳತಿಯ ಮನೆಗೆ ಪ್ರತಿವರ್ಷ ಯಾಕೆ ಪರದೆ ಕೋಲು ಬೇಕು ಎಂದು ಅತ್ತೆಯವರು ಒಮ್ಮೆಯೂ ಕೇಳಲಿಲ್ಲ.

ಕೋಲು ಆರಿಸುವುದರ ಬಗ್ಗೆ ಎರಡು ಮಾತು ಹೇಳದಿದ್ದರೆ ಮುಂದಿನದು ನಿಮಗೆ ತಿಳಿಯುವುದಿಲ್ಲ. ಹೊರಗಿನಿಂದ ನೋಡಿದರೆ ಎಲ್ಲ ಒಂದೇ ಥರ: ಕಪ್ಪಗೆ, ತೆಳ್ಳಗೆ, ಬುಡದಲ್ಲಿ ಹಿಡಿಕೆ, ಅದರ ಹತ್ತಿರ ದಾರ ಸುತ್ತುವ ಪುಟ್ಟ ರಾಟೆ, ಮೈಗುಂಟ ದಾರ ಹಾಯುವ ಬಳೆಗಳು. ಆದರೆ ಒಂದೊಂದರ ಸ್ವಭಾವ ಒಂದೊಂದು. ಕೆಲವು ತುದಿಯಲ್ಲಷ್ಟೇ ಬಾಗುತ್ತವೆ, ನಡುವಿನಿಂದ ಕೆಳಗೆ ಗಟ್ಟಿ. ಕೆಲವು ಹಿಡಿಕೆಯ ತನಕ ಬಾಗಿ, ಯಾರು ಏನಂದರೂ ಹೂಂ ಅನ್ನುವ ಮನುಷ್ಯರ ಹಾಗೆ ಇರುತ್ತವೆ. ಅಳಿವೆಯ ದೋಣಿಗೆ ಏಳಡಿಯ ಕೋಲು ಸಾಕು. ಇನ್ನೂ ಉದ್ದವಾದರೆ ಕಾಂಡ್ಲಾ ಗಿಡದ ಕೊಂಬೆಗೆ ಸಿಕ್ಕಿಕೊಳ್ಳುತ್ತದೆ. ಬಳೆಗಳು ಉಪ್ಪಿಗೆ ತುಕ್ಕು ಹಿಡಿಯದಂಥವು ಬೇಕು. ಎರಡು ತುಂಡಾಗಿ ಬಿಚ್ಚಿಕೊಳ್ಳಬೇಕು, ಇಲ್ಲದಿದ್ದರೆ ಬಸ್ಸಿನ ಕಂಡಕ್ಟರ್ ಜಗಳಕ್ಕೆ ಬರುತ್ತಾನೆ. ಇದೆಲ್ಲ ಅಂಗಡಿಯವನೂ ಹೇಳುತ್ತಾನೆ. ಅವನು ಹೇಳದ ಮಾತೊಂದಿದೆ. ಕೋಲನ್ನು ಎಲ್ಲರೂ ಎಸೆತ ನೋಡಿ ಆರಿಸುತ್ತಾರೆ. ಕೈಯಲ್ಲಿ ಹಗುರಾಗಿದೆಯೇ, ಸುಳ್ಳುಮೀನು ದೂರ ಹೋಗುತ್ತದೆಯೇ ಎಂದು ಬೀಸಿ ನೋಡುತ್ತಾರೆ. ಆ ತುದಿಯಲ್ಲಿ ಇನ್ನೊಂದು ಜೀವ ಇರುತ್ತದೆಂಬುದು ಅಂಗಡಿಯಲ್ಲಿ ಯಾರಿಗೂ ನೆನಪಾಗುವುದಿಲ್ಲ.

ನನಗೂ ಆಗಿರಲಿಲ್ಲ.

ಈಗ ಮಾವನವರ ವಿಷಯಕ್ಕೆ ಬರುತ್ತೇನೆ. ನಿಜವಾಗಿ ನಾನು ಹೇಳಬೇಕೆಂದಿದ್ದು ಅವರದೇ ಸಂಗತಿ. ಆಗ ಅವರಿಗೆ ಎಪ್ಪತ್ತು ದಾಟಿತ್ತು. ಬಿಳಿ ಅಂಗಿ, ಧೋತರ, ಹಣೆತುಂಬ ವಿಭೂತಿ, ಕೊರಳಲ್ಲಿ ಲಿಂಗ. ಗಂಜಿನಲ್ಲಿ ಅವರು ಬೇಳೆಯನ್ನು ಅಂಗೈಯಲ್ಲಿ ಹರಡಿ ಒಮ್ಮೆ ನೋಡಿದರೆ ಸಾಕು, ಚೌಕಾಸಿ ಅಲ್ಲಿಗೇ ನಿಲ್ಲುತ್ತಿತ್ತು. ಸಮಾಜದ ಹುಡುಗರಿಗಾಗಿ ನಡೆಸುವ ಒಂದು ಪ್ರಸಾದ ನಿಲಯಕ್ಕೆ ಅವರು ಅಧ್ಯಕ್ಷರು. ಹಳ್ಳಿಗಳಿಂದ ಓದಲು ಬಂದ ಹುಡುಗರಿಗೆ ಅಲ್ಲಿ ಊಟ, ವಸತಿ. ಸೋಮವಾರ ತಪ್ಪದೆ ಹೋಗಿ ಹುಡುಗರ ಪಂಕ್ತಿಯಲ್ಲೇ ಕೂತು ಉಣ್ಣುತ್ತಿದ್ದರು. ಮನೆಯಲ್ಲಿ ಮಾತು ಕಡಿಮೆ. ಜೋರಾಗಿ ನಕ್ಕಿದ್ದನ್ನು ನಾನು ಕಂಡಿರಲಿಲ್ಲ.

ಕಮಲಾಪುರದಲ್ಲಿ ಅವರ ಹೊಲವಿದೆ. ಒಂದು ಕಡೆ ಕೆಂಪು ಬಾಳೆ, ಉಳಿದದ್ದು ತೊಗರಿ. ತೊಗರಿ ಕೊಯ್ದಾದ ಮೇಲೆ ಅಷ್ಟೂ ನೆಲ ಬಯಲಾಗಿ ಬಿದ್ದಿರುತ್ತದೆ. ನನಗೆ ಅದು ಸುಮ್ಮನೆ ಸಿಕ್ಕ ಸಮುದ್ರ. ಸುಳ್ಳುಮೀನಿನ ಕೊಕ್ಕೆಗಳನ್ನು ಕತ್ತರಿಸಿ ತೆಗೆದು, ದೂರದಲ್ಲಿ ಒಂದು ಬುಟ್ಟಿಯಿಟ್ಟು, ಅದರೊಳಗೆ ಬೀಳುವಂತೆ ಎಸೆಯುವುದು ನನ್ನ ಅಭ್ಯಾಸ. ಬಾಳೆಯ ಲೆಕ್ಕ ನೋಡಿ ಬರುವ ನೆಪದಲ್ಲಿ ರಜೆಯ ದಿನ ಹೋಗುತ್ತಿದ್ದೆ. ಅಂದು ಚೂಡಿದಾರದ ಓಢಣಿಯನ್ನು ಸೊಂಟಕ್ಕೆ ಬಿಗಿದು ಬುಟ್ಟಿಗೆ ಗುರಿಯಿಟ್ಟು ಬೀಸುತ್ತಿದ್ದೆ. ಹಿಂದಿನಿಂದ ದನಿ ಕೇಳಿತು.

"ಏನ್ ಮಾಡಾಕತ್ತಿ, ಯವ್ವಾ?"

ತಿರುಗಿದರೆ ಮಾವನವರು. ಬದುವಿನ ಮೇಲೆ ಛತ್ರಿ ಹಿಡಿದು ನಿಂತಿದ್ದಾರೆ. ಯಾವಾಗ ಬಸ್ಸಿಳಿದು ಬಂದರೋ ಗೊತ್ತಿಲ್ಲ. ಭೂಮಿ ಬಾಯಿ ಬಿಡಲಿ ಅನ್ನಿಸಿತು. ಅದು ಬಿಟ್ಟೇ ಇತ್ತು, ಬೇಸಿಗೆಯ ಕರಿಮಣ್ಣು. ಆದರೆ ನಾನು ಹಿಡಿಸುವಷ್ಟು ಅಗಲವಿರಲಿಲ್ಲ.

"ವ್ಯಾಯಾಮ್ರೀ, ಮಾವಾರ," ಅಂದೆ.

ಅವರು ಬುಟ್ಟಿಯ ಹತ್ತಿರ ಹೋಗಿ, ಬಾಗಿ, ಸುಳ್ಳುಮೀನನ್ನು ಎತ್ತಿ ಅಂಗೈಯಲ್ಲಿ ಇಟ್ಟುಕೊಂಡರು. ಬೇಳೆ ನೋಡುವ ಹಾಗೆಯೇ ನೋಡಿದರು.

"ಇದಕ್ಕ ಕಣ್ಣೂ ಬರದಾರಲ್ಲ," ಅಂದರು.

ಆ ಕಣ್ಣುಗಳ ಮುಂದೆ ಇನ್ನು ಸುಳ್ಳು ಹೇಳಲಾಗಲಿಲ್ಲ. ಎಲ್ಲ ಹೇಳಿದೆ. ಕಾರವಾರ, ಸುಲಭಾ, ದೋಣಿ, ಪರದೆ ಕೋಲು. ಅವರು ನಡುವೆ ಬಾಯಿ ಹಾಕದೆ ಕೇಳಿದರು. ಮುಗಿದ ಮೇಲೆ ಒಂದೇ ಪ್ರಶ್ನೆ.

"ಹಿಡಿದು ತಿಂತಿಯೇನು?"

"ಇಲ್ರೀ. ಬಿಡ್ತೀನ್ರೀ."

"ಎಲ್ಲಾನೂ?"

"ಎಲ್ಲಾನೂ ಬಿಡ್ತೀನ್ರೀ. ಒಂದೂ ಸಾಯಂಗಿಲ್ಲ."

ಹೊಲದ ತುಂಬ ಬಿಸಿಲು. ಅವರು ಛತ್ರಿ ಮಡಚಿ ನನ್ನ ಕೈಗೆ ಕೊಟ್ಟು, "ತಾ ಇಲ್ಲಿ, ಜರಾ ನೋಡ್ತೀನಿ," ಎಂದು ಕೋಲು ಇಸಿದುಕೊಂಡರು.

ಮೊದಲ ಎಸೆತ ಅವರ ಕಾಲ ಬುಡದಲ್ಲೇ ಬಿತ್ತು. ಎರಡನೆಯದು ಬಾಳೆಗಿಡಕ್ಕೆ ಸುತ್ತಿಕೊಂಡಿತು. ಹೊಲ ನೋಡಿಕೊಳ್ಳುವವನ ಹೆಂಡತಿ ಬಿಂದಿಗೆ ಇಳಿಸಿ ನಿಂತು, "ಸಾವ್ಕಾರ್ರ, ನೆಲದಾಗ ಮೀನ ಹಿಡಿಯಾಕತ್ತೀರೇನ್ರೀ?" ಎಂದು ಸೆರಗು ಬಾಯಿಗಿಟ್ಟುಕೊಂಡಳು. ನಾನು ನಾಚಿಕೆಯಿಂದ ಕರಗಿದೆ. ಅವರಿಗೆ ಅದರ ಪರಿವೆಯೇ ಇರಲಿಲ್ಲ. ಸಂಜೆಯ ತನಕ ಎಸೆದರು. ನನ್ನ ಎರಡೂ ಕೋಲುಗಳನ್ನು ಬದಲಿಸಿ ಬದಲಿಸಿ ನೋಡಿದರು. ಒಂದು ಗಟ್ಟಿಯದು, ದೊಡ್ಡ ಮೀನಿಗೆಂದು ತಂದಿದ್ದು. ಇನ್ನೊಂದು ಬಳುಕುವ ಹಗುರ ಕೋಲು, ಅಂಗೈಯುದ್ದದ ಮೀನುಗಳಿಗೆ ಸರಿ. ಹಗುರ ಕೋಲಿನಿಂದ ಎಸೆದದ್ದು ಬುಟ್ಟಿಯ ಅಂಚಿಗೆ ತಾಗಿ ಒಳಗೆ ಬಿದ್ದಾಗ ಅವರ ಮುಖ ನೋಡಬೇಕಿತ್ತು.

"ನನಗ ಇದು ಇರ್ಲಿ," ಅಂದರು. "ಕೈಯಾಗ ಹೂವು ಹಿಡಿದಂಗ ಅದ."

ಅವರ ಬಲ ಮಣಿಕಟ್ಟು ಹಿಂದೊಮ್ಮೆ ಮುರಿದು ಕೂಡಿದ್ದು. ಹಗುರವಾದದ್ದೇ ಒಳ್ಳೆಯದೆಂದು ನಾನೂ ಹೂಂಗುಟ್ಟಿದೆ. ಹೀಗೆ ಒಣ ನೆಲದಲ್ಲಿ ನಿಂತು ನಾವು ನದಿಯ ಕೋಲನ್ನು ಆರಿಸಿದೆವು.

ಗೋಕರ್ಣಕ್ಕೆ ಹೋಗಿ ಬರುತ್ತೇವೆಂದು ಅವರೇ ಮನೆಯಲ್ಲಿ ಹೇಳಿದರು. ಸುಳ್ಳಲ್ಲ. ನಿಜವಾಗಿಯೂ ಮೊದಲು ಗೋಕರ್ಣಕ್ಕೆ ಹೋದೆವು, ದರ್ಶನ ಮಾಡಿದೆವು, ಮಾವನವರು ಸಮುದ್ರದ ಎದುರು ಮೊಣಕಾಲ ತನಕ ಧೋತರ ಎತ್ತಿ ನಿಂತು ಬಹಳ ಹೊತ್ತು ನೋಡಿದರು. ಅಲ್ಲಿಂದ ಕಾರವಾರ. ಮರುದಿನ ಬೆಳಿಗ್ಗೆ ಅವರ ಪೂಜೆ ಮುಗಿದ ಮೇಲೆ ಸುಲಭಾ ದೋಣಿ ಬಿಚ್ಚಿದಳು.

ಮೇ ತಿಂಗಳು. ಇಳಿತದ ಹೊತ್ತು. ಕಾಂಡ್ಲಾ ಕಾಡಿನೊಳಗಿನ ಸಣ್ಣ ಕಾಲುವೆಗಳಿಂದ ನೀರು ಹೊರಗೆ ಬರುವಲ್ಲಿ ದೊಡ್ಡ ಮೀನುಗಳು ಕಾದು ನಿಂತಿರುತ್ತವೆ. ಸುಲಭಾ ಬೆರಳು ತೋರಿಸಿದ ಕಡೆಗೆ ಮಾವನವರು ಎಸೆದರು. ಕಮಲಾಪುರದ ಬುಟ್ಟಿಗೆ ಬೀಳುತ್ತಿದ್ದಂತೆಯೇ, ಬೇರುಗಳ ಪಕ್ಕಕ್ಕೆ, ಅಚ್ಚುಕಟ್ಟಾಗಿ ಬಿತ್ತು. ಎರಡು ಸುತ್ತು ದಾರ ಸುತ್ತಿರಬೇಕು, ಅಷ್ಟರಲ್ಲಿ ನೀರು ಒಡೆಯಿತು.

ಚೊಣಕ, ಅಳಿವೆಯ ದೊಡ್ಡ ಮೀನು. ಬೆಳ್ಳಿ ಮೈ, ಹಳದಿ ಕಣ್ಣು, ಕೈತೋಳಿನಷ್ಟು ಉದ್ದ. ಕೋಲು ಹಿಡಿಕೆಯ ತನಕ ಬಾಗಿತು. ಮಾವನವರು, "ಯಪ್ಪಾ! ಎಳಿತದ! ನೋಡ ಯವ್ವಾ, ಹೆಂಗ ಎಳಿತದ!" ಎಂದು ಕೂಗಿದರು. ಮೀನು ಓಡಿತು, ತಿರುಗಿತು, ದೋಣಿಯ ಅಡಿಗೆ ನುಗ್ಗಿತು, ಮತ್ತೆ ಓಡಿತು. ಅವರು ನಗುತ್ತಿದ್ದರು. ಹಣೆಯ ವಿಭೂತಿ ಬೆವರಿಗೆ ಇಳಿದು ಹುಬ್ಬಿಗೆ ಬಂದಿತ್ತು. ಸುಲಭಾ ಒಮ್ಮೆ, "ಆಡಿಸಿದ್ದು ಸಾಕು, ಬೇಗ ತೆಗೀರಿ," ಅಂದಳು. ಮತ್ತೊಮ್ಮೆ ಅಂದಳು. ಅವರು ಆಡಿಸುತ್ತಿರಲಿಲ್ಲ. ತೆಗೆಯುವ ಶಕ್ತಿ ಆ ಕೋಲಿಗೆ ಇರಲಿಲ್ಲ. ಅದು ಬಾಗುತ್ತಿತ್ತು, ಅಷ್ಟೇ. ಮೀನನ್ನು ಎತ್ತಲು ಬೇಕಾದ ಗಟ್ಟಿತನ ಅದರ ಬುಡದಲ್ಲಿ ಇಲ್ಲ. ದಾರ ಹರಿಯಲಿಲ್ಲ, ಮೀನು ಸೋಲಲಿಲ್ಲ. ಆ ಜಗ್ಗಾಟ ಎಷ್ಟು ಹೊತ್ತು ನಡೆಯಿತೋ, ದೋಣಿ ಕಾಲುವೆಯ ಬಾಯಿಂದ ಬಹಳ ಕೆಳಗೆ ತೇಲಿ ಬಂದಿತ್ತು.

ಕೊನೆಗೆ ಮೀನು ದೋಣಿಯ ಪಕ್ಕಕ್ಕೆ ಬಂತು. ಮಾವನವರು ಎರಡೂ ಕೈಯಲ್ಲಿ, ಕೂಸನ್ನು ಎತ್ತುವ ಹಾಗೆ, ಅದನ್ನು ಎತ್ತಿದರು. ಅಂಗಿಯ ಜೇಬಿನಲ್ಲಿದ್ದ ತಮ್ಮ ಫೋನನ್ನು ನನ್ನಿಂದಲೇ ತೆಗೆಸಿ, "ಒಂದ ಫೋಟೊ ತಗಿ. ನಿಮ್ಮ ಅತ್ತಿಗಿ ತೋರಸ್ತೀನಿ," ಅಂದರು. ಮೊದಲನೆಯದರಲ್ಲಿ ಅವರ ಕಣ್ಣು ಮುಚ್ಚಿತ್ತು. ಎರಡನೆಯದರಲ್ಲಿ ಮೀನಿನ ಬಾಲ ಬಿಟ್ಟುಹೋಗಿತ್ತು. ಮೂರನೆಯದು ಚೆನ್ನಾಗಿ ಬಂತು. ಅತ್ತೆಗೆ ತೋರಿಸಿದರೆ ಏನಾದೀತೆಂದು ಆ ಕ್ಷಣದಲ್ಲಿ ಅವರೂ ಯೋಚಿಸಲಿಲ್ಲ, ನಾನೂ ಯೋಚಿಸಲಿಲ್ಲ. ಅಷ್ಟು ಖುಷಿ.

ಸುಲಭಾ ಮೀನನ್ನು ಇಸಿದುಕೊಂಡು ನೀರಿಗೆ ಬಾಗಿದಳು. ದಣಿದ ಮೀನನ್ನು ಹಾಗೇ ಎಸೆಯಬಾರದು. ಹರಿವಿಗೆ ಮುಖ ಮಾಡಿ ಹಿಡಿದು, ಕಿವಿರಿಗೆ ನೀರು ಹೊಕ್ಕು, ಅದು ತಾನಾಗಿ ಕೈಬಿಡಿಸಿಕೊಂಡು ಹೋಗುವ ತನಕ ಕಾಯಬೇಕು. ಅವಳು ಕಾಯುತ್ತಿದ್ದಳು. ಮಾವನವರು ಹಲಗೆಯ ಮೇಲೆ ಕೂತು, ಒದ್ದೆ ಹೆಬ್ಬೆರಳಿನಿಂದ, ಕನ್ನಡಕ ಹಣೆಗೇರಿಸಿಕೊಂಡು, ಫೋಟೊ ಕಳಿಸುವುದರಲ್ಲಿ ಮಗ್ನರಾಗಿದ್ದರು. ಕಳಿಸಿಯಾದ ಮೇಲೆ ನಗುತ್ತಲೇ ತಲೆ ಎತ್ತಿದರು.

"ಹೋತೇನ್ರೀ?"

ಸುಲಭಾ ಕೈ ಸಡಿಲ ಬಿಟ್ಟಾಗಲೆಲ್ಲ ಮೀನು ಮಗ್ಗುಲಾಗುತ್ತಿತ್ತು. ಮತ್ತೆ ನೆಟ್ಟಗೆ ಹಿಡಿಯುತ್ತಿದ್ದಳು. ಮತ್ತೆ ಮಗ್ಗುಲಾಗುತ್ತಿತ್ತು. ಹೊಟ್ಟೆಯ ಬಿಳಿ ಕಂಡಿತು. ಅವಳು ಕೊಂಕಣಿಯಲ್ಲಿ ತನಗೆ ತಾನೇ ಏನೋ ಅಂದುಕೊಂಡಳು. ಆಮೇಲೆ ನನ್ನ ಕಡೆ ನೋಡಿದಳು. "ನೀರು ಬಿಸಿ ಉಂಟು ಮಾರಾಯ್ತಿ. ಬೇಸಿಗೇಲಿ ಇಷ್ಟು ದಣಿಸಿದ್ರೆ ಉಳಿಯೂದಿಲ್ಲ."

ಮಾವನವರ ಮುಖದ ಮೇಲಿನ ನಗು ಒಮ್ಮೆಗೇ ಹೋಗಲಿಲ್ಲ. ಹೋಗಬೇಕೆಂದು ಅದಕ್ಕೆ ತಿಳಿಯಲು ಸ್ವಲ್ಪ ಹೊತ್ತು ಬೇಕಾಯಿತು. ಅದನ್ನು ನಾನು ನೋಡಬಾರದಿತ್ತು. ಅವರು ದೋಣಿಯ ಅಂಚಿಗೆ ಬಂದು, ನೀರಿಗೆ ಕೈಯಿಳಿಸಿ, ಮೀನಿನ ಮೈ ಮೇಲೆ ಅಂಗೈಯಿಟ್ಟರು.

"ಸತ್ತದೇನು?"

"ಹೌದು," ಅಂದಳು ಸುಲಭಾ. ಸ್ವಲ್ಪ ತಡೆದು, "ನೀರಿಗೇ ಬಿಟ್ಟುಬಿಡ್ಲಾ?" ಎಂದು ಕೇಳಿದಳು.

"ನಿಮ್ಮ ಮನ್ಯಾಗ ಊಟಕ್ಕ ಆಗ್ತದಲ್ರೀ?"

"ಆಗ್ತದೆ."

"ಹಂಗಾರ ತಗೊಂಡ ಹೋಗ್ರಿ. ಸುಮ್ಮನ ಹೋಗಬಾರದು ಅದು."

ಸುಲಭಾ ದೋಣಿಯನ್ನು ದಂಡೆಯ ಕಡೆ ತಿರುಗಿಸಿದಳು. ಹಿಂದೆ ನಾನು ಬಿಟ್ಟ ಮೀನುಗಳೆಲ್ಲ ನೀರೊಳಗೆ ಹೋದದ್ದನ್ನು ನೋಡಿದ್ದೆ. ಹೋದ ಮೇಲೆ ಏನಾದವೆಂದು ನೋಡಿದವರ್ಯಾರು? ಒಂದೂ ಸಾಯುವುದಿಲ್ಲ ಅಂದದ್ದು ಕಮಲಾಪುರದ ಹೊಲದಲ್ಲಿ ಎಷ್ಟು ಸಲೀಸಾಗಿ ಬಾಯಿಂದ ಬಂದಿತ್ತು.

ಬಸ್ಸಿನಲ್ಲಿ ಕೂತ ಮೇಲೆ ಮಾವನವರು ಫೋನು ತೆಗೆದು ನೋಡಿ, ನನ್ನ ಕೈಗೆ ಕೊಟ್ಟರು. ಫೋಟೊ ಅತ್ತೆಯವರಿಗೆ ಹೋಗಿರಲಿಲ್ಲ. ಪ್ರಸಾದ ನಿಲಯದ ಕಮಿಟಿಯ ಗುಂಪಿಗೆ ಹೋಗಿತ್ತು. ಕೆಳಗೆ ಹೆಂಡತಿಗೆಂದು ಬರೆದ ಸಾಲು: "ನೋಡ, ಹೆಂಗದ!" ಒಬ್ಬ ಸದಸ್ಯರು, ಅಧ್ಯಕ್ಷರು ಗೋಕರ್ಣದಿಂದ ಕಳಿಸಿದ್ದೆಂದು ಸರಿಯಾಗಿ ನೋಡದೆಯೇ ಕೈಮುಗಿದ ಚಿತ್ರ ಹಾಕಿದ್ದರು. ಆಮೇಲೆ ಯಾರೂ ಏನೂ ಹಾಕಿರಲಿಲ್ಲ.

"ಅಳಸ್ತೀನ್ರೀ, ಮಾವಾರ," ಅಂದೆ.

"ನೋಡಿದವರ ಕಣ್ಣಾಗಿಂದೂ ಅಳಸ್ತದೇನು ಅದು?" ಅಂದರು. ಕಿಟಕಿಯ ಕಡೆ ತಿರುಗಿದರು.

ನಾವು ಮನೆ ಮುಟ್ಟುವ ಮೊದಲೇ ಸುದ್ದಿ ಮುಟ್ಟಿತ್ತು. ಅತ್ತೆಯವರು ಬಾಗಿಲಲ್ಲಿ ನಿಂತಿದ್ದರು. ಬೈಯಲಿಲ್ಲ. "ನೀರ ಕಾಸೀನಿ. ಮೊದಲ ಸ್ನಾನ ಮಾಡ್ರಿ," ಅಂದರು. ನನ್ನ ಕಡೆ ನೋಡಲೇ ಇಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಕಮಿಟಿಯ ಸಭೆ ಯಾವಾಗಲೂ ನಮ್ಮ ಪಡಸಾಲೆಯಲ್ಲೇ ನಡೆಯುವುದು. ಆ ವಾರವೂ ಅಲ್ಲೇ ನಡೆಯಿತು. ನಾನು ಚಹಾದ ತಾಟು ಹಿಡಿದು ಬಾಗಿಲ ಹಿಂದೆ ನಿಂತಿದ್ದೆ. ಬಂದವರು ಕೆಟ್ಟವರಲ್ಲ. ಎಲ್ಲ ಮಾವನವರ ಜೊತೆ ಗಂಜಿನಲ್ಲಿ ಬೆಳೆದವರು, ಅವರ ಮೇಲೆ ಗೌರವ ಇದ್ದವರು. ಯಾರಿಗೂ ಆ ಮಾತು ತೆಗೆಯುವ ಮನಸ್ಸಿರಲಿಲ್ಲ. ಅಕ್ಕಿಯ ವಿಷಯ ಆಯಿತು, ಸೋರುವ ಮಾಳಿಗೆಯ ವಿಷಯ ಆಯಿತು. ಕೊನೆಗೆ ಕಾರ್ಯದರ್ಶಿ ವೀರಣ್ಣನವರು ಗಂಟಲು ಸರಿಮಾಡಿಕೊಂಡರು.

"ಆ ಫೋಟೊದ ಮಾತು, ಸಾವ್ಕಾರ್ರ. ನಮಗೇನಿಲ್ರೀ. ಹುಡುಗರ ಮನಿ ಮಂದಿ ನಾಕು ಜನ ಕೇಳ್ಯಾರ. ಏನರ ಹೇಳಬೇಕಲ್ರೀ?"

ನಾನು ತಡೆಯಲಾರದೆ ತಾಟು ಸಮೇತ ಒಳಗೆ ಬಂದೆ. "ಅದು ನನ್ನ ಕೋಲ್ರೀ. ಕರಕೊಂಡು ಹೋದಾಕಿನೂ ನಾನೇ," ಅಂದೆ. ಎಲ್ಲರೂ ನೆಲ ನೋಡಿದರು.

"ಚಹಾ ಇಡು, ಯವ್ವಾ," ಅಂದರು ಮಾವನವರು ಮೆಲ್ಲಗೆ. "ಕೋಲು ಹಿಡಿದಾವ ನಾನು."

ವೀರಣ್ಣನವರ ಮುಖ ಒಮ್ಮೆಲೆ ಅರಳಿತು. ದಾರಿ ಸಿಕ್ಕವರ ಹಾಗೆ ಮುಂದೆ ಬಾಗಿದರು. "ನಾ ಕೇಳೀನಿ, ಈಗಿನ ಮಂದಿ ಹಿಡಿದು ಮತ್ತ ನೀರಿಗೇ ಬಿಡ್ತಾರಂತ. ನೀವೂ ಬಿಟ್ಟಿರಬೇಕಲ್ರೀ? ಅಂದ ಮ್ಯಾಲ ಹಿಂಸಾ ಎಲ್ಲಿ ಬಂತು? ಜೀವದಾನ ಆತದು. ಹಂಗ ಹೇಳಿ ಮುಗಿಸಿಬಿಡೋಣು."

ಪಡಸಾಲೆಯಲ್ಲಿ ಎಲ್ಲರ ಉಸಿರು ಸಡಿಲವಾಯಿತು. ನನ್ನದೂ. ಸತ್ತದ್ದು ಗೊತ್ತಿದ್ದವರು ಮೂವರೇ. ಒಬ್ಬಳು ಕಾರವಾರದಲ್ಲಿ. ಒಬ್ಬಳು ನಾನು. ಹೂಂ ಅನ್ನಲಿ ಎಂದು ಮನಸ್ಸಿನಲ್ಲೇ ಬೇಡಿಕೊಂಡೆ. ನಮ್ಮ ಮನೆಯ ದೇವರ ಕೋಣೆಯಿಂದ ಹತ್ತು ಹೆಜ್ಜೆ ದೂರದಲ್ಲಿ ನಿಂತು, ಆ ದೇವರನ್ನೇ, ನಮ್ಮ ಮಾವನ ಬಾಯಿಂದ ಒಂದು ಸುಳ್ಳು ಹೇಳಿಸಪ್ಪಾ ಎಂದು ಬೇಡಿಕೊಂಡೆ.

"ಇಲ್ರೀ, ವೀರಣ್ಣ," ಅಂದರು ಮಾವನವರು. "ಬಿಟ್ಟಿವಿ. ಆದ್ರ ಅದು ಉಳೀಲಿಲ್ಲ. ಸತ್ತಿತು."

ವೀರಣ್ಣನವರು ಹಿಂದಕ್ಕೆ ಒರಗಿದರು.

"ದೋಣಿಯವರ ಮನಿಗಿ ಊಟಕ್ಕ ಕೊಟ್ಟೀವಿ. ಕೊಡ್ರಿ ಅಂತ ನಾನೇ ಹೇಳಿದೆ." ಅವರು ತಮ್ಮ ಅಂಗೈ ನೋಡಿಕೊಂಡರು. "ನನಗ ನಾಚಿಕಿ ಆಗ್ಯಾದ, ಸುಳ್ಳ್ಯಾಕ ಹೇಳ್ಲಿ. ಮಂದಿ ನೋಡಿದ್ರು ಅಂತಲ್ಲ. ಅದು ಅಲ್ಲಿ ಸಾಯಾಕತ್ತಿತ್ತು, ನಾ ಇಲ್ಲಿ ನಗಾಕತ್ತಿದ್ದೆ. ಅದಕ್ಕ. ಹುಡುಗರ ಮುಂದ ಇನ್ನ ಆ ಕುರ್ಚಿ ಮ್ಯಾಲ ಕೂಡೋದು ನನಗ ಆಗಂಗಿಲ್ರೀ. ಬ್ಯಾರೆಯವರನ್ನ ನೋಡ್ಕೊಳ್ರಿ."

ಬೇಡವೆಂದರು, ಯೋಚಿಸಿ ಅಂದರು, ಒಬ್ಬರು ಕಣ್ಣೊರೆಸಿಕೊಂಡರು. ಅವರು ಜಗ್ಗಲಿಲ್ಲ. ಕೆಲವು ತಿಂಗಳ ಮೇಲೆ ವೀರಣ್ಣನವರು ಗಂಜಿನಲ್ಲಿ ನನ್ನನ್ನು ಕಂಡು, ಸಿಟ್ಟಿನಿಂದಲೇ ಕೇಳಿದರು: "ಜರಾ ಸುಮ್ಮನಿದ್ದಿದ್ರ ಏನ್ ಹೋಗ್ತಿತ್ತವ್ವಾ ಅವರದು? ಅಂಥಾ ಮನಶಾ ಎಲ್ಲಿಂದ ತರಬೇಕು ನಾವು ಈಗ?" ಸುಮ್ಮನಿರಲಿ ಎಂದು ಬೇಡಿಕೊಂಡವಳು ನಾನೇ ಎಂದು ಅವರಿಗೆ ಹೇಗೆ ಹೇಳಲಿ?

ಸಭೆ ಮುಗಿದ ರಾತ್ರಿಯಲ್ಲ, ಅದರ ಮರುದಿನವೂ ಅಲ್ಲ, ಎಷ್ಟೋ ದಿನಗಳ ಮೇಲೆ ಒಂದು ಮಧ್ಯಾಹ್ನ ಅತ್ತೆಯವರು ಮಹಡಿಗೆ ಬಂದು ಬಾಗಿಲು ಮುಂದೆ ಮಾಡಿದರು. "ನನಗ ಕಳಸಾಕ ಹೋಗಿ ಹಂಗಾತಂತಲ್ಲ," ಅಂದರು. "ತೋರಸು ನೋಡೋಣು." ನನ್ನ ಫೋನಿಗೆ ಉಳಿಸಿಕೊಂಡಿದ್ದ ಫೋಟೊ ತೋರಿಸಿದೆ. ಮೀನನ್ನು ಅವರು ನೋಡಿದರೋ ಇಲ್ಲವೋ. ಬೆರಳಿನಿಂದ ಗಂಡನ ಮುಖವನ್ನು ದೊಡ್ಡದು ಮಾಡಿಸಿಕೊಂಡು ನೋಡಿದರು. "ಇಷ್ಟ ವರ್ಷ ಸಂಸಾರ ಮಾಡೀನಿ. ಇವರು ಹಿಂಗ ನಗ್ತಾರಂತ ನನಗ ಗೊತ್ತಿದ್ದಿಲ್ಲ," ಎಂದು ಫೋನು ಕೊಟ್ಟು ಕೆಳಗೆ ಹೋದರು. ಅವರು ಆಮೇಲೆ ಆ ಮಾತು ಎತ್ತಲಿಲ್ಲ.

ನಾನು ಕೋಲುಗಳನ್ನು ಯಾರಿಗಾದರೂ ಕೊಟ್ಟುಬಿಡಬೇಕೆಂದು ತೀರ್ಮಾನಿಸಿದ್ದೆ. ಮಾವನವರು ಬಿಡಲಿಲ್ಲ. ಒಂದು ಭಾನುವಾರ ಅಂಗಡಿಯಿಂದ ತೊಗರಿಬೇಳೆಯ ಪುಡಿಕೆಗಳನ್ನು ಹೊತ್ತು ಮಹಡಿಗೆ ಬಂದರು. ಕಿಲೋದ್ದು, ಎರಡು ಕಿಲೋದ್ದು.

"ಯಾವ ಕೋಲು ಇದ್ದಿದ್ರ ಅದು ಬದುಕ್ತಿತ್ತು? ತೋರಸು ನನಗ."

ದಾರದ ತುದಿಗೆ ಕಿಲೋ ಬೇಳೆ ಕಟ್ಟಿ ನೆಲದ ಮೇಲಿಟ್ಟು, ಹಗುರ ಕೋಲಿನಿಂದ ಎತ್ತಲು ಕೊಟ್ಟೆ. ಕೋಲು ಕಮಾನಾಯಿತು, ಉಂಗುರವಾಯಿತು, ಪುಡಿಕೆ ಜರುಗಿತೇ ಹೊರತು ಏಳಲಿಲ್ಲ. ಗಟ್ಟಿ ಕೋಲು ಕೊಟ್ಟೆ. ತುದಿ ಬಾಗಿತು, ನಡು ನಿಂತಿತು, ಬೇಳೆ ನೆಲ ಬಿಟ್ಟು ಎದ್ದಿತು. ಎರಡು ಕಿಲೋ ಕಟ್ಟಿದರು. ಅದೂ ಎದ್ದಿತು, ಸ್ವಲ್ಪ ಗೊಣಗಿಕೊಂಡು. ಅವರು ಮತ್ತೆ ಹಗುರ ಕೋಲು ತೆಗೆದುಕೊಂಡರು, ಮತ್ತೆ ಎಳೆದರು. ಎಷ್ಟು ಹೊತ್ತು ಬೇಕಾದರೂ ಎಳೆಯಬಹುದು ಅದರಲ್ಲಿ. ಹಿಡಿದವನಿಗೆ ಸುಖ. ಕೈಗೆ ಭಾರವೇ ತಿಳಿಯುವುದಿಲ್ಲ.

"ನನಗ ಹಗುರ ಆತು," ಅಂದರು ಮಾವನವರು. "ಭಾರ ಎಲ್ಲಾ ಅದರ ಮ್ಯಾಲ ಬಿತ್ತು."

ಹಿಡಿಯಬೇಡ ಎಂದು ಅವರು ನನಗೆ ಹೇಳಲಿಲ್ಲ. ಇವತ್ತಿಗೂ ಹೇಳಿಲ್ಲ. ತಾವು ಮತ್ತೆ ಕೋಲು ಮುಟ್ಟಲಿಲ್ಲ, ಅಷ್ಟೇ. ನಾನು ಕೆಲವು ವರ್ಷ ಹೋಗಲಿಲ್ಲ, ಆಮೇಲೆ ಹೋದೆ. ಹೋದರೂ ಬೇಸಿಗೆ ಬಿಟ್ಟು ತಂಪಿನ ದಿನಗಳಲ್ಲಿ ಹೋಗುತ್ತಿದ್ದೆ. ಈ ಸಲ ಸುಲಭಾಳ ನಿವೃತ್ತಿಯ ಊಟ ಬೇಸಿಗೆಯಲ್ಲೇ ಬಂತು, ಅವಳ ಒತ್ತಾಯಕ್ಕೆ ಒಂದು ಬೆಳಿಗ್ಗೆ, ಬಿಸಿಲೇರುವ ಮುನ್ನ, ದೋಣಿ ಹತ್ತಿದೆ. ಗಟ್ಟಿ ಕೋಲು. ಒಂದೇ ಮೀನು. ನಿನ್ನೆ ಸಂಜೆ ಕಲಬುರಗಿಗೆ ಮರಳಿದೆ. ಅದಕ್ಕೇ ಈ ಒರೆಸುವ ಕೆಲಸ, ಈ ವಾಸನೆ.

ಇಷ್ಟು ನೆನಪಿಸಿಕೊಳ್ಳುವುದರೊಳಗೆ ಮೆಟ್ಟಿಲ ಮೇಲೆ ಹೆಜ್ಜೆ ಸಪ್ಪಳ. ಮಾವನವರಿಗೆ ಈಗ ಮಹಡಿ ಹತ್ತುವುದು ಸಣ್ಣ ಕೆಲಸವಲ್ಲ. ನಡುವೆ ಒಮ್ಮೆ ನಿಂತು ಹತ್ತಿದರು. ಬಂದು ಮಂಚದ ಮೇಲೆ ಕೂತು ಉಸಿರು ಸುಧಾರಿಸಿಕೊಂಡರು.

"ಸಿಕ್ಕಿತೇನು ಈ ಸಲ?"

ಅವರು ಹೀಗೆ ಬಾಯಿಬಿಟ್ಟು ಕೇಳಿದ್ದು ಇದೇ ಮೊದಲು. ಈ ಪ್ರಶ್ನೆಗಾಗಿ ಎಷ್ಟು ವರ್ಷ ಕಾದಿದ್ದೆನೆಂದು ಆಗಲೇ ನನಗೆ ತಿಳಿದದ್ದು.

"ಒಂದ ಸಿಕ್ಕಿತ್ರೀ, ಮಾವಾರ. ಚೊಣಕ. ಅದರಷ್ಟೇ ಇತ್ತು, ನಿಮ್ಮದರಷ್ಟೇ. ಲಗೂನ ದೋಣಿ ಹಂತೇಕ ತಂದೆ. ನೀರಿನಿಂದ ಹೊರಗ ಎತ್ತಲೇ ಇಲ್ಲ. ಕೊಕ್ಕಿ ತಗದಿದ್ದೇ ತಡ, ಬಾಲ ಬಡದು, ನನ್ನ ಮಾರಿ ತುಂಬ ನೀರ ಸಿಡಿಸಿ ಹೋತು. ಹೋದದ್ದು ಕಣ್ಣಾರೆ ನೋಡೀನ್ರೀ."

ಬಹುಮಾನ ತೋರಿಸುವ ಶಾಲೆಯ ಹುಡುಗಿಯ ಹಾಗೆ ಅವರ ಮುಖ ನೋಡುತ್ತ ಕೂತೆ. ಅವರ ಕಣ್ಣು ಹೊಳೆದವು. "ಹೋತಾ? ಚಲೋ ಆತು. ಭಾಳ ಚಲೋ ಆತು," ಅಂದರು. ತಲೆಯಾಡಿಸಿದರು. ಆಮೇಲೆ ನನಗೆ ನೋವಾಗಬಾರದೆಂದು ದನಿ ಮೆತ್ತಗೆ ಮಾಡಿಕೊಂಡು ಹೇಳಿದರು:

"ಆದ್ರ ಅದು ಬ್ಯಾರೆ ಮೀನಲ್ಲೇನು, ಯವ್ವಾ?"

ನಾನು ಬಟ್ಟೆಯನ್ನು ತೊಡೆಯ ಮೇಲಿಟ್ಟುಕೊಂಡೆ.

"ಹೌದ್ರೀ," ಅಂದೆ. "ಬ್ಯಾರೆ ಮೀನು."